ಅತ್ತೆಯ ಹೆಸರಿನ ಟಗರು

ಭತ್ತದ ಹೊಟ್ಟಿಗೆ ಬೆಂಕಿ ಹತ್ತಿದರೆ ಉರಿ ಕಾಣುವುದಿಲ್ಲ. ಮೇಲೆ ತಣ್ಣಗಿನ ಬೂದಿ, ಒಳಗೆ ಕೆಂಡ. ಸಿರುಗುಪ್ಪದ ಅಕ್ಕಿ ಮಿಲ್ಲುಗಳ ಹಿಂದೆ ಸುರಿದ ಹೊಟ್ಟಿನ ಗುಡ್ಡೆಯ ಮೇಲೆ ಅರಿಯದೆ ಕಾಲಿಟ್ಟವರಿಗೆ ಅದರ ಬಿಸಿ ಗೊತ್ತು. ಕುರುಗೋಡಿನ ಹೊನ್ನೂರಮ್ಮನ ಎದೆಯಲ್ಲಿ ಅಂಥದೊಂದು ಬೆಂಕಿ ಇತ್ತು. ಅದು ಹೊತ್ತಿಕೊಂಡದ್ದು ಸೀರೆಯಿಂದ.

ಅವಳ ಅತ್ತೆ ಸುವಾರ್ತಮ್ಮ. ಗುಡ್ಡದ ಬುಡದ ಸಣ್ಣ ಚರ್ಚಿನಲ್ಲಿ ಹೆಂಗಸರ ಚಾಪೆಯ ಮೊದಲ ಜಾಗ ಆಕೆಯದು. ಇಬ್ಬರು ಗಂಡುಮಕ್ಕಳು. ಹಿರಿಯವನು ಎರ್ರಣ್ಣ, ಸಿರುಗುಪ್ಪದ ಮಿಲ್ಲೊಂದರಲ್ಲಿ ಹಮಾಲರ ಮೇಸ್ತ್ರಿ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಅವನ ಹೆಂಡತಿಯೇ ಹೊನ್ನೂರಮ್ಮ, ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ. ಕಿರಿಯವನು ಬಳ್ಳಾರಿಯಲ್ಲಿ ಗುಮಾಸ್ತ. ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ, ಹೆಂಡತಿ ನಂದಿನಿ ಶಾಲೆಯ ಟೀಚರು.

ಕ್ರಿಸ್ಮಸ್ಸಿಗೆ ಇಬ್ಬರು ಸೊಸೆಯರೂ ಅತ್ತೆಗೆ ಒಂದೊಂದು ಸೀರೆ ತರುವುದು ಆ ಮನೆಯ ರೂಢಿ. ಹಬ್ಬದ ಬೆಳಗಿನ ಆರಾಧನೆಗೆ ಸುವಾರ್ತಮ್ಮ ಯಾವ ಸೀರೆ ಉಟ್ಟು ಬರುತ್ತಾಳೆ ಎಂದು ಚಾಪೆಯ ಮೇಲಿನ ಹೆಂಗಸರೆಲ್ಲ ಕಣ್ಣರಳಿಸಿ ನೋಡುವರು. ನಂದಿನಿ ಆ ಮನೆ ಸೇರಿದ ವರ್ಷ ಸುವಾರ್ತಮ್ಮ ಉಟ್ಟದ್ದು ನಂದಿನಿ ತಂದ ಸೀರೆ. ಮರುವರ್ಷವೂ ಅದೇ. ಅದರಾಚೆಯ ವರ್ಷವೂ ಅದೇ. ಹೊನ್ನೂರಮ್ಮ ತಂದದ್ದು ಪೆಟ್ಟಿಗೆಗೆ, ನಂದಿನಿ ತಂದದ್ದು ಮೈಗೆ. ವರ್ಷವಿಡೀ ಅತ್ತೆಯ ಕಾಲು ಒತ್ತಿದವಳು, ಜ್ವರ ಬಂದಾಗ ಗಂಜಿ ಕುಡಿಸಿದವಳು ಒಬ್ಬಳು. ವರ್ಷಕ್ಕೊಮ್ಮೆ ಬಂದು ಮೈಮೇಲೆ ಕೂರುವವಳು ಇನ್ನೊಬ್ಬಳು.

ನಂದಿನಿ ಕೆಟ್ಟವಳಾಗಿದ್ದರೆ ಹೊನ್ನೂರಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಬಹುದಿತ್ತು, ಬೈದು ತಣ್ಣಗಾಗಬಹುದಿತ್ತು. ಆದರೆ ನಂದಿನಿ ಬಂದಾಗಲೆಲ್ಲ "ಅಕ್ಕಾ, ನೀವು ಕುಂದ್ರಿ" ಎಂದು ಪಾತ್ರೆ ತಿಕ್ಕಲು ಕೂರುವವಳು. ಅವಳ ಮೇಲೆ ಹೊರಿಸಲು ಒಂದು ತಪ್ಪೂ ಸಿಗುತ್ತಿರಲಿಲ್ಲ. ಅದೂ ಒಂದು ಉರಿ.

ಹೊನ್ನೂರಮ್ಮನ ಪಾಲಿಗೆ ಉಳಿದದ್ದು ಒಂದೇ ಹೆಮ್ಮೆ: ಕೊನೆಯ ಮನೆ. ಹಬ್ಬದ ಹಿಂದಿನ ಸಂಜೆ ಚರ್ಚಿನವರು ಒಳಗೆ ದೀಪವಿಟ್ಟ ಕಾಗದದ ದೊಡ್ಡ ನಕ್ಷತ್ರವನ್ನು ಕೋಲಿಗೆ ಕಟ್ಟಿ, ಡೋಲಕ್, ತಾಳ ಹಿಡಿದು ಮನೆಮನೆಗೆ ಹೋಗಿ ಹಾಡುತ್ತಾರೆ. ಎಲ್ಲ ಮನೆಗಳಲ್ಲೂ ಚಹಾ, ಕರ್ಜಿಕಾಯಿ. ಕೊನೆಯ ಮನೆಯಲ್ಲಿ ಮಾತ್ರ ಊಟ. ಆ ಕೊನೆಯ ಮನೆ ಸುವಾರ್ತಮ್ಮನದೇ ಎಂಬುದು ಊರಲ್ಲಿ ಯಾರೂ ಪ್ರಶ್ನಿಸದ ಮಾತು. ಸೊಂಟ ಮುರಿಯುವಂತೆ ಅಡಿಗೆ ಮಾಡಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೊನ್ನೂರಮ್ಮ ಬಾಗಿಲಲ್ಲಿ ನಿಂತರೆ, ಆ ಒಂದು ಸಂಜೆ ಅವಳೇ ಮನೆಯೊಡತಿ.

ಡಿಸೆಂಬರಿನ ಮೊದಲ ಭಾನುವಾರ ಎಲ್ಲರೂ ಕುರುಗೋಡಿನ ಮನೆಯಲ್ಲಿ ಸೇರಿದ್ದರು. ಊಟವಾದ ಮೇಲೆ ಸುವಾರ್ತಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದಳು.

"ನೋಡ್ರವ್ವಾ, ಈ ವರ್ಷ ನನಗ ಸೀರಿ ಬ್ಯಾಡ. ಪೆಟಿಗಿ ತುಂಬೈತಿ, ಮುಚ್ಚಳ ಹಾಕಬೇಕಂದ್ರ ಅದರ ಮ್ಯಾಲೆ ಕುಂದ್ರಬೇಕು. ದೇವರ ಮಗ ಹುಟ್ಟಿದಾಗ ಸುತ್ತಾಕ ಒಂದು ತುಂಡು ಬಟ್ಟಿ ಇತ್ತು. ನನಗ್ಯಾಕ ಇಷ್ಟು?"

"ಮತ್ತ ಏನು ಕೊಡೂಣ್ರಿ ಅತ್ತಿ?" ನಂದಿನಿ ಕೇಳಿದಳು.

"ನನ್ನ ಹೆಸರಿಲೆ ಇಲ್ಲದೋರಿಗೆ ಏನರ ಕೊಡ್ರಿ. ಏನು, ಯಾರಿಗೆ, ಅದು ನಿಮ್ಮ ಮನಸು. ಹಬ್ಬದ ದಿನ ಸಾಕ್ಷಿ ಹೇಳಾಕ ನಿಂತಾಗ ನಾನು ಅದನ್ನ ಹೇಳ್ತೀನಿ."

ಹಬ್ಬದ ಬೆಳಗ್ಗೆ ಆರಾಧನೆಯ ನಡುವೆ ಒಬ್ಬೊಬ್ಬರಾಗಿ ಎದ್ದು, ಆ ವರ್ಷ ದೇವರು ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಸಾಕ್ಷಿ ಎನ್ನುತ್ತಾರೆ. ಸುವಾರ್ತಮ್ಮ ಸಾಕ್ಷಿ ಹೇಳಲು ಎದ್ದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು. ಆ ಬಾಯಲ್ಲಿ ತನ್ನ ಹೆಸರು! ಹೊನ್ನೂರಮ್ಮನ ಕಿವಿ ನೆಟ್ಟಗಾದವು. ಸೀರೆಯಾದರೆ ಮಾತಾಡುವುದಿಲ್ಲ; ಇದು ಎಲ್ಲರ ಮುಂದೆ ಮಾತಾಡುವ ಕಾಣಿಕೆ. ಈ ಸಲ ಮಾತ್ರ ಬಿಡಬಾರದು ಎಂದುಕೊಂಡಳು.

ಮುಂದಿನ ಭಾನುವಾರಕ್ಕೇ ನಂದಿನಿ ಫೋನು ಹಿಡಿದುಕೊಂಡು ಚರ್ಚಿಗೆ ಬಂದಳು. ಬಳ್ಳಾರಿಯ ಒಂದು ಅನಾಥ ಮಕ್ಕಳ ಆಶ್ರಮಕ್ಕೆ ಕಂಬಳಿ ಕೊಟ್ಟಿದ್ದಳು. ಚಿತ್ರದಲ್ಲಿ ಸಾಲಾಗಿ ಮಕ್ಕಳು, ಪ್ರತಿ ಮಗುವಿನ ಹೆಗಲ ಮೇಲೆ ಕೆಂಪು ಕಂಬಳಿ, ಕಂಬಳಿಯ ಮೂಲೆಯಲ್ಲಿ ಬಿಳಿ ದಾರದ ಹೊಲಿಗೆ: ಸುವಾರ್ತಮ್ಮ. ಆ ಫೋನು ಚಾಪೆಯಿಂದ ಚಾಪೆಗೆ ಹೋಯಿತು. ಹೆಂಗಸರೆಲ್ಲ "ಸ್ತೋತ್ರ, ಸ್ತೋತ್ರ" ಎಂದರು. ಸುವಾರ್ತಮ್ಮ ಕನ್ನಡಕ ಏರಿಸಿ, ಒಂದೊಂದು ಮಗುವಿನ ಮುಖವನ್ನೂ ಬೆರಳಿನಿಂದ ಸವರಿ ನೋಡಿದಳು.

ಮನೆಗೆ ಬಂದ ಹೊನ್ನೂರಮ್ಮ ರೊಟ್ಟಿ ಬಡಿಯುವ ಸದ್ದಿಗೆ ಎರ್ರಣ್ಣ ಒಳಗೆ ಇಣುಕಿದ.

"ಯಾಕಲೇ, ರೊಟ್ಟಿ ಏನು ತಪ್ಪು ಮಾಡೈತಿ?"

"ಹೆಸರು ಹೊಲಿಸ್ಯಾಳ್ರಿ ಆಕಿ! ಒಂದೊಂದು ಕಂಬಳಿಗೂ ಹೆಸರು! ರಾತ್ರಿ ಆ ಹುಡುಗ್ರು ಹೆಸರು ಹೊತ್ಕೊಂಡು ಮಲಗ್ತಾವೇನು?"

"ಚಳಿಗೆ ಕಂಬಳಿ ಹೊತ್ಕೊಂತಾವು. ಅದರಾಗ ತಪ್ಪೇನೈತಿ?"

"ತಪ್ಪಿಲ್ಲ ಅಂತನ ನನ್ನ ಸಂಕಟ," ಎಂದು ಅವಳು ಇನ್ನೊಂದು ರೊಟ್ಟಿ ಬಡಿದಳು. "ಕಂಬಳಿ ನಾಳೆ ಹರಿತಾವು. ನಾನು ಜೀವ ಇರೋದು ಕೊಡ್ತೀನಿ. ಗಬ್ಬದ ಆಡು. ಮರಿ ಹಾಕತೈತಿ, ಆ ಮರಿ ಮತ್ತ ಮರಿ ಹಾಕತೈತಿ. ನೋಡ್ತಿರ್ರಿ, ಹಟ್ಟಿ ತುಂಬ ಅತ್ತಿ ಹೆಸರು ಮ್ಯಾ ಅಂತ ಕೂಗಬೇಕು."

ಯಾರಿಗೆ ಎಂದು ಯೋಚಿಸುವುದೇ ಬೇಕಾಗಲಿಲ್ಲ. ಚರ್ಚಿನ ಹಿಂದಿನ ಓಣಿಯಲ್ಲಿ ನೀಲಾವತಿ ಇದ್ದಳು. ಗಂಡ ತೀರಿಕೊಂಡ ಮೇಲೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವವಳು. ಆರಾಧನೆಯಲ್ಲಿ ಸುವಾರ್ತಮ್ಮನ ಪಕ್ಕವೇ ಕೂರುವವಳು. ಅವಳಿಗೆ ಕೊಟ್ಟರೆ ಅತ್ತೆಯ ಕಣ್ಣಿಗೆ ದಿನಾ ಬೀಳುತ್ತದೆ.

ಸೀರೆಗೆಂದು ಕೂಡಿಟ್ಟದ್ದಕ್ಕೆ ಎರ್ರಣ್ಣನ ಮಿಲ್ಲಿನ ಇನಾಮು ಸೇರಿಸಿಕೊಂಡು ಗಂಡ ಹೆಂಡತಿ ಸಿರುಗುಪ್ಪದ ಕುರಿ ಸಂತೆಗೆ ಹೋದರು. ಗಬ್ಬದ ಆಡು ಸಿಕ್ಕಿತು. ಕಂದು ಮೈ, ಜೋತ ಕಿವಿ, ಇಳಿಬಿದ್ದ ಹೊಟ್ಟೆ. ಎರ್ರಣ್ಣ ಹಲ್ಲು ನೋಡಿ ಸರಿಯೆಂದು ತಲೆಯಾಡಿಸಿದ. ಹೊನ್ನೂರಮ್ಮ ಫೋನು ಕೊಡಿರೆಂದು ಇಸಿದುಕೊಂಡು ಆಡಿನ ಚಿತ್ರ ತೆಗೆದಳು. ನೋಡಿದಳು. ಎಲುಬು ಎದ್ದು ಕಾಣುತ್ತಿತ್ತು. ಮುಖದಲ್ಲಿ ಆಗಲೇ ಅತ್ತು ಮುಗಿಸಿದ ಕಳೆ. ಅಷ್ಟು ಮಕ್ಕಳು, ಅಷ್ಟು ಕೆಂಪು ಕಂಬಳಿಗಳ ಮುಂದೆ ಈ ಬಡಕಲು ಆಡು!

ಆಚೆ ಗೂಟಕ್ಕೆ ಒಂದು ಟಗರು ಕಟ್ಟಿತ್ತು. ಸುರುಳಿ ಕೊಂಬು, ಹೊಳೆಯುವ ಕರಿ ಮೈ, ಹಣೆಯ ಮೇಲೆ ಬೊಟ್ಟಿಟ್ಟಂತೆ ಬಿಳಿ ಮಚ್ಚೆ. ರಾಜನ ಹಾಗೆ ನಿಂತಿತ್ತು.

"ಅದು," ಎಂದಳು ಹೊನ್ನೂರಮ್ಮ.

"ಲೇ, ಟಗರು ಮರಿ ಹಾಕತೈತೇನಲೇ?"

"ಫೋಟೊದಾಗ ತುಂಬಿ ಕಾಣ್ತೈತಿ. ನೀಲಕ್ಕ ಸಾಕ್ತಾಳ, ಬಕ್ರೀದಿಗೆ ಮಾರ್ತಾಳ. ಬಂದಿದ್ದರಾಗ ಎರಡು ಆಡು ತಗೊಂತಾಳ. ಸುತ್ತು ಬಳಸಿ ಅಲ್ಲಿಗೇ ಬಂತಲ್ರಿ."

ಮಾರುವವನು ತೆಲುಗು ಬೆರೆತ ಸಂತೆಯ ಮಾತಿನಲ್ಲಿ ನಕ್ಕ. "ಮಂಚಿದಮ್ಮಾ, ಒಳ್ಳೆ ಕಣ್ಣು ಐತಿ ನಿನಗ. ಹಬ್ಬಕ್ಕ ಇದಕ್ಕಿಂತ ಚೊಲೊ ಮಾಲು ಸಿಗಾಂಗಿಲ್ಲ."

ಹಬ್ಬಕ್ಕೆ ಎಂದು ಅವನು ಯಾಕೆ ಅಂದ ಎಂದು ಹೊನ್ನೂರಮ್ಮ ಕೇಳಲಿಲ್ಲ. ಅವಳ ಕಣ್ಣೆಲ್ಲ ಆ ಕೊಂಬಿನ ಮೇಲಿತ್ತು.

ಲಗೇಜ್ ಆಟೊದಲ್ಲಿ ಟಗರು ಕುರುಗೋಡಿಗೆ ಬಂತು. ಹಗ್ಗ ಕೈಗೆ ಕೊಟ್ಟಾಗ ನೀಲಾವತಿ ಟಗರಿನ ಕುತ್ತಿಗೆಗೆ ಮುಖ ಒತ್ತಿ ನಿಂತಳು. ಹಾಗೆಯೇ ನಿಲ್ಲು ಎಂದು ಹೊನ್ನೂರಮ್ಮ ಚಿತ್ರ ತೆಗೆಸಿದಳು.

"ಕ್ರಿಸ್ಮಸ್ಸಿಗಂತ ತಗೋ ನೀಲಕ್ಕ. ನಮ್ಮ ಅತ್ತಿ ಹೆಸರಿಲೆ. ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ. ಹಬ್ಬದ ದಿನ ಅತ್ತಿಗಿ ನಾನ ಹೇಳ್ತೀನಿ."

"ನನ್ನಂಥಾಕಿ ಮನಿಗೆ ಇಂಥಾದ್ದು…" ನೀಲಾವತಿ ಬಿಕ್ಕಿದಳು. "ನಾನೂ ಒಂದು ಸಲ ಮಾಡಬೇಕಂತ ದೇವರ ಮುಂದ ಬೇಡ್ಕೊಂಡಿದ್ದೆ ಹೊನ್ನೂರಮ್ಮಾ. ಆತ ಕೇಳಿಸ್ಕೊಂಡ ನೋಡು."

ಏನು ಮಾಡಬೇಕು ಎಂದು ಬೇಡಿಕೊಂಡಿದ್ದೆ ಎಂದೂ ಹೊನ್ನೂರಮ್ಮ ಕೇಳಲಿಲ್ಲ. ಚಿತ್ರ ಚೆನ್ನಾಗಿ ಬಂದಿದೆಯೇ ಎಂದು ನೋಡುತ್ತಿದ್ದಳು.

ಆಮೇಲಿನ ದಿನಗಳು ಅವಳಿಗೆ ಬೆಲ್ಲದಂತೆ ಕರಗಿದವು. ನಂದಿನಿಯ ಕಂಬಳಿಯ ಮಾತು ಬಂದಾಗೆಲ್ಲ ಒಳಗೊಳಗೇ ನಗುತ್ತಿದ್ದಳು. ಸುವಾರ್ತಮ್ಮ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದದ್ದು ಕೂಡ ಅವಳ ಗಮನಕ್ಕೆ ಬರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಗ್ಗೆ ಹೊನ್ನೂರಮ್ಮ ಊಟದ ಅಕ್ಕಿ ಆರಿಸುತ್ತಾ ಕೂತಿದ್ದಳು. ಅತ್ತೆ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದಳು. ಹಿತ್ತಲ ಬಾಗಿಲಿನಿಂದ ನೀಲಾವತಿ ಬಂದಳು. ಸೆರಗಿನ ಮರೆಯಲ್ಲಿ ಮುಚ್ಚಿದ ಪಾತ್ರೆ, ಮುಖದ ತುಂಬ ನಗೆ.

"ತಗೋ ಹೊನ್ನೂರಮ್ಮಾ. ತಲಿ-ಕಾಲು. ಕೊಟ್ಟೋರ ಮನಿಗೆ ಮೊದಲು ಬರಬೇಕಲ್ಲ."

ಟಗರು ಯಾರದೋ ಅವರ ಮನೆಗೆ ತಲೆ ಮತ್ತು ಕಾಲು ಕಳಿಸುವುದು ಆ ಕಡೆಯ ಮರ್ಯಾದೆ. ಹೊನ್ನೂರಮ್ಮ ಮುಚ್ಚಳ ಎತ್ತಿದಳು. ಸುಟ್ಟು ತೊಳೆದ ತಲೆ. ಹಣೆಯ ಮಚ್ಚೆ ಸುಟ್ಟ ಚರ್ಮದಲ್ಲಿ ಹೋಗಿತ್ತು. ಸುರುಳಿ ಕೊಂಬು ಮಾತ್ರ ಅದೇ.

"ಕೊಯ್ದಿಯೇನಕ್ಕಾ?"

"ಮತ್ತ? ಕ್ರಿಸ್ಮಸ್ಸಿಗಂತ ನೀನ ಅಂದ್ಯಲ್ಲ. ಈ ಸಲ ಕೊನಿ ಮನಿ ನಂದು. ಚರ್ಚಿನ ಅಯ್ಯಗಾರನ್ನ ಕೇಳ್ದೆ, ನಿಮ್ಮತ್ತಿನ್ನ ಕೇಳ್ದೆ. ಟಗರು ಬಂದೈತಿ, ಒಂದು ವರ್ಷ ನಾನೂ ಉಣ್ಣಿಸ್ತೀನಿ ಅಂದೆ. ಎಲ್ಲಿಂದ ಬಂತು ಅಂತ ಮಾತ್ರ ಹೇಳಿಲ್ಲ, ನಿನ್ನಾಣಿ."

ನೀಲಾವತಿ ಹೋದ ಮೇಲೂ ಹೊನ್ನೂರಮ್ಮ ಪಾತ್ರೆ ಹಿಡಿದೇ ಕೂತಿದ್ದಳು. ಹಬ್ಬಕ್ಕೆ ಒಂದು ವಾರ ಇರುವಾಗ ಕೊಬ್ಬಿದ ಟಗರನ್ನು ತಂದು ಕ್ರಿಸ್ಮಸ್ಸಿಗೆ ಎಂದು ಕಟ್ಟಿದರೆ ಈ ಊರಿನಲ್ಲಿ ಅದಕ್ಕೆ ಎರಡನೆಯ ಅರ್ಥ ಎಲ್ಲಿಂದ ಬರಬೇಕು? ನಂದಿನಿಯನ್ನು ಮೀರಿಸಲು ಹೋಗಿ ತನ್ನ ಬಾಗಿಲನ್ನೇ ಕಿತ್ತು ಪಕ್ಕದ ಓಣಿಗೆ ಕೊಟ್ಟು ಬಂದಿದ್ದಳು.

"ಅತ್ತೀ," ಎಂದು ಕಟ್ಟೆಗೆ ಹೋದಳು. "ಕೊನಿ ಮನಿ ನೀಲಕ್ಕನ ಪಾಲು ಮಾಡೀರಂತ?"

"ಹೂಂ," ಎಂದಳು ಸುವಾರ್ತಮ್ಮ, ಬಿಸಿಲನ್ನು ನೋಡುತ್ತಾ. "ನಿನಗ ಹೇಳಾಕ ಧೈರ್ಯ ಸಾಲಲಿಲ್ಲ. ಏನು ಸುಟ್ಟ ವಾಸನಿ ಅದು?"

"ನೀಲಕ್ಕ ಒಂದೀಟು ಮಾಂಸ ಕೊಟ್ಟು ಹೋದ್ಳು."

ಮಧ್ಯಾಹ್ನ ಸುವಾರ್ತಮ್ಮ ತಲೆಮಾಂಸದ ಸಾರಿನಲ್ಲಿ ರೊಟ್ಟಿ ನೆನೆಸಿಕೊಂಡು ಉಂಡಳು. ಏನೂ ಕೇಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಡುವವರು ಬಂದರು. ಡೋಲಕ್ ಬಡಿದರು, ಎರಡು ಹಾಡು ಹಾಡಿದರು, ಕರ್ಜಿಕಾಯಿ ತಿಂದರು, ಅಯ್ಯಗಾರು ಪ್ರಾರ್ಥನೆ ಮಾಡಿದರು. ಬೇರೆ ವರ್ಷಗಳಲ್ಲಿ ಇಷ್ಟಾದ ಮೇಲೆ ನಕ್ಷತ್ರದ ಕೋಲನ್ನು ಹೊನ್ನೂರಮ್ಮನ ಗೋಡೆಗೆ ಒರಗಿಸಿ ಎಲ್ಲರೂ ಕಾಲು ತೊಳೆಯಲು ಹೋಗುತ್ತಿದ್ದರು. ಈ ಸಲ ಕೋಲು ಮತ್ತೆ ಎದ್ದಿತು. ಬೆಳಕು ಅವಳ ಅಂಗಳ ದಾಟಿ, ತಿರುವು ದಾಟಿ, ಚರ್ಚಿನ ಹಿಂದಿನ ಓಣಿಗೆ ಇಳಿಯಿತು. ಹೊನ್ನೂರಮ್ಮ ಅತ್ತೆಯ ಕೈ ಹಿಡಿದು ಆ ಬೆಳಕಿನ ಹಿಂದೆ ನಡೆದಳು. ತನ್ನ ಮನೆಯಿಂದ ಬೇರೆಯವರ ಮನೆಗೆ ಹಬ್ಬ ಹೋಗುತ್ತಿರುವುದನ್ನು ಹೀಗೆ ಬೆನ್ನಿನ ಕಡೆಯಿಂದ ನೋಡುವುದು ಅವಳಿಗೆ ಹೊಸದು.

ನೀಲಾವತಿಯ ಅಂಗಳಕ್ಕೆ ಸಾರಿಸಿ ರಂಗೋಲಿ ಹಾಕಿತ್ತು. ಜನ ಓಣಿಯವರೆಗೂ ಕೂತರು. ಬಳ್ಳಾರಿಯಿಂದ ಬಂದಿಳಿದಿದ್ದ ನಂದಿನಿ ಸೆರಗು ಕಟ್ಟಿ ಬಡಿಸಲು ನಿಂತೇಬಿಟ್ಟಳು.

"ಅಕ್ಕಾ, ಸಾರು ಹಾಕಲೇನ್ರಿ? ಏನು ರುಚಿ ಆಗೈತಿ ಅಂತೀರಿ! ಇಂಥಾದ್ದು ನಮ್ಮ ಮನ್ಯಾಗ ಸುದ್ದಾ ಎಂದೂ ಆಗಿದ್ದಿಲ್ಲ ನೋಡ್ರಿ."

ನಮ್ಮ ಮನೆಯಲ್ಲಿ ಅಂದರೆ ಹೊನ್ನೂರಮ್ಮನ ಒಲೆಯ ಮೇಲೆ. ತನ್ನ ಟಗರು, ತನ್ನ ಸಂತೆ, ತನ್ನ ಆಟೊ. ಹೊಗಳಿಕೆ ನೀಲಾವತಿಗೆ, ಬಡಿಸುವ ಮರ್ಯಾದೆ ನಂದಿನಿಗೆ. ತನಗೆ? ಸಾರು ಹಾಕಲೇ ಅಂತೆ!

ಪಕ್ಕದ ಸಾಲಿನಿಂದ ಎರ್ರಣ್ಣ ಬಗ್ಗಿ ಫೋನು ಕೊಟ್ಟ. "ತೋರಿಸಿಬಿಡಲೇ. ಎಲ್ಲಾರೂ ಇಲ್ಲೇ ಅದಾರ."

ಫೋನಿನಲ್ಲಿ ನೀಲಾವತಿ ಟಗರಿನ ಕುತ್ತಿಗೆಗೆ ಮುಖ ಒತ್ತಿ ನಿಂತಿದ್ದಳು. ಹೊನ್ನೂರಮ್ಮ ತಲೆಯೆತ್ತಿದಳು. ನಿಜದ ನೀಲಾವತಿ ಬಾಗಿಲಲ್ಲಿ ಸವಟು ಹಿಡಿದು ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ದಿನಾ "ಲೇ ನೀಲಿ" ಎಂದು ಕರೆಯುವ ಉಜ್ಜಿನಪ್ಪ ಮುದುಕ ಎಲೆಯ ಮುಂದಿನಿಂದ ಕೂಗಿದ: "ನೀಲಾವತಮ್ಮಾ, ಅನ್ನ ತರ್ರಿ ಇಲ್ಲೀಟು."

ಹೊನ್ನೂರಮ್ಮ ಫೋನು ತಿರುಗಿಸಿ ಗಂಡನ ಕೈಗಿಟ್ಟಳು. ಬಿಟ್ಟುಕೊಟ್ಟದ್ದಲ್ಲ. ನಾಳೆ ಸಾಕ್ಷಿ ಇದೆಯಲ್ಲ, ಅತ್ತೆಯ ಕಿವಿಯಲ್ಲಿ ಬೆಳಗ್ಗೆ ಹೇಳಿದರಾಯಿತು ಎಂದುಕೊಂಡಳು.

ಬೆಳಗ್ಗೆ ಹೇಳಲಾಗಲಿಲ್ಲ. ನೀರು ಕಾಯಿಸುವುದು, ಮಕ್ಕಳ ತಲೆ ಬಾಚುವುದು, ನಂದಿನಿಯ ಸೀರೆಯ ನೆರಿಗೆ ಹಿಡಿಯುವುದು, ಇದರಲ್ಲೇ ಗಂಟೆ ಬಾರಿಸಿತು. ಸುವಾರ್ತಮ್ಮ ಹಳೆಯ ಬಿಳಿ ಸೀರೆಯೊಂದನ್ನು ಉಟ್ಟು ಹೊರಟಳು.

ಸಾಕ್ಷಿಯ ಹೊತ್ತಿಗೆ ಆಕೆ ಎದ್ದಾಗ ಚರ್ಚು ಸುಮ್ಮನಾಯಿತು.

"ದೇವರಿಗೆ ಸ್ತೋತ್ರ," ಎಂದಳು ಸುವಾರ್ತಮ್ಮ. "ಈ ಸಲ ನನಗ ಸೀರಿ ಬ್ಯಾಡ, ಇಲ್ಲದೋರಿಗೆ ಕೊಡ್ರಿ ಅಂದಿದ್ದೆ. ಸಣ್ಣ ಸೊಸಿ ಹುಡುಗ್ರಿಗೆ ಕಂಬಳಿ ಕೊಟ್ಟಾಳ. ನನಗ ನೆನಪಿಗೆ ಬಂದಾಗೆಲ್ಲ ಮೈ ಬೆಚ್ಚಗ ಆಗ್ತೈತಿ. ನಿನ್ನಿ ನೀಲಾವತಿ ಮನ್ಯಾಗ ಉಂಡೆ. ಆಕಿ ಕೈಯ ಅನ್ನ ಉಣ್ಣಾಕ ದೇವರು ನನ್ನ ಇಷ್ಟು ವರ್ಷ ಇಟ್ಟಿದ್ದ ಅನ್ನಿಸ್ತು." ಒಂದು ಗಳಿಗೆ ನಿಂತು ಹಿಂದಕ್ಕೆ ತಿರುಗಿದಳು. "ದೊಡ್ಡ ಸೊಸಿ ಏನು ಕೊಟ್ಟಾಳ ಅಂತ ನನಗ ಇನ್ನಾ ಹೇಳಿಲ್ಲ. ಹೇಳವ್ವಾ ಹೊನ್ನೂರಮ್ಮಾ."

ಎಲ್ಲ ತಲೆಗಳೂ ತಿರುಗಿದವು. ಇಷ್ಟು ವರ್ಷ ಅವಳು ಕಾದದ್ದು ಇದಕ್ಕೇ. ಮಾತು ನಾಲಿಗೆಯ ತುದಿಯಲ್ಲಿತ್ತು: ನಿನ್ನೆ ನೀವು ಉಂಡದ್ದೇ ನನ್ನ ಕಾಣಿಕೆ. ಹಾಗಂದರೆ ಸಾಕು, ಕಂಬಳಿಗಳೆಲ್ಲ ಕಾಣದಾಗಿಬಿಡುತ್ತಿದ್ದವು. ಅತ್ತೆಯ ಪಕ್ಕದಲ್ಲಿ ನೀಲಾವತಿ ನೆಲಕ್ಕೆ ಕೈಯೂರಿ ಅರ್ಧ ಎದ್ದಿದ್ದಳು. ಕೊಟ್ಟವಳು ಇವಳೇ ಎಂದು ತಾನೇ ಹೇಳಲು ಸಿದ್ಧಳಾಗಿದ್ದಳು. ಆ ಮುಖದಲ್ಲಿ ನಗೆಯಿತ್ತು. ಅದರ ಅಂಚಿನಲ್ಲಿ, ಎರವಲು ತಂದ ಒಡವೆಯನ್ನು ಬಿಚ್ಚಿಕೊಡುವ ಹೆಂಗಸಿನ ಕಳೆಯೂ ಇತ್ತು.

ಹೊನ್ನೂರಮ್ಮ ಅವಳತ್ತ ನೋಡಿ ತಲೆಯಾಡಿಸಿದಳು. ಕೂರು ಎಂಬಂತೆ.

"ನಂದು ಇನ್ನಾ ಬಂದಿಲ್ರಿ ಅತ್ತಿ," ಎಂದಳು. "ದಾರ್ಯಾಗ ಐತಿ."

ಗಂಡಸರ ಕಡೆಯಿಂದ ಯಾರೋ "ಸಿರುಗುಪ್ಪ ಬಸ್ಸಿಗೆ ಹಾಕ್ಯಾಳೇನೋ" ಎಂದರು. ಚರ್ಚೆಲ್ಲ ನಕ್ಕಿತು. ಅಯ್ಯಗಾರೂ ನಕ್ಕರು. ನಂದಿನಿ ಮಾತ್ರ ನಗದೆ ಅವಳ ಕೈ ಹಿಡಿದು ಮೆಲ್ಲಗೆ ಒತ್ತಿದಳು. ಆ ಕನಿಕರ ನಗೆಗಿಂತ ಹೆಚ್ಚು ಸುಟ್ಟಿತು.

ಮಧ್ಯಾಹ್ನ ಬಳ್ಳಾರಿಯವರು ಮಕ್ಕಳನ್ನೂ ಕರೆದುಕೊಂಡು ಗುಡ್ಡ ನೋಡಲು ಹೋದ ಮೇಲೆ ಸುವಾರ್ತಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು. ಹೊನ್ನೂರಮ್ಮ ಕಾಲು ಒತ್ತಲು ಕೂತಳು.

"ಮೆತ್ತಗ ಒತ್ತು. ಸಿಟ್ಟು ನನ್ನ ಕಾಲಿನ ಮ್ಯಾಲೆ ಯಾಕ?"

ಹೊನ್ನೂರಮ್ಮ ಇನ್ನೊಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

"ತಲಿ ಯಾರ ಮನಿಗೆ ಬರ್ತೈತಿ ಅಂತ ನನಗ ಗೊತ್ತಿಲ್ಲೇನು? ನಿನ್ನಿ ಸಾರಿನಾಗ ನಾಲಿಗಿ ಸಿಕ್ಕಾಗನ ತಿಳೀತು."

ಒತ್ತುತ್ತಿದ್ದ ಕೈ ನಿಂತಿತು. "ತಿಳಿದೂ ಎಲ್ಲಾರ ಮುಂದ ಕೇಳಿದ್ರ್ಯಾ ಅತ್ತಿ?"

"ನೀ ಹೇಳ್ತಿ ಅಂತ ಕೇಳ್ದೆ. ಹೇಳಿದ್ರ ಸಂತೋಷ ಪಡ್ತಿದ್ದೆ." ಸುವಾರ್ತಮ್ಮ ಎಲೆಗೆ ಸುಣ್ಣ ಹಚ್ಚಿದಳು. "ನಿಜ ಹೇಳಲೇನು? ನಿನ್ನಿ ಆ ನಕ್ಷತ್ರ ನಮ್ಮ ಅಂಗಳ ದಾಟಿ ಹೋತಲ್ಲ, ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ನಾನು ಮದುವಿಯಾಗಿ ಬಂದಾಗಿಂದ ಕೊನಿ ಮನಿ ನಂದು. ನಾನ ಹೂಂ ಅಂದಿದ್ದೆ, ನಾನ ಕೊಟ್ಟಿದ್ದೆ, ಆದ್ರೂ ಬಿತ್ತು. ಅಲ್ಲಿ ಕುಂತು ಉಣ್ಣುವಾಗ, ಉಪ್ಪು ಕಮ್ಮಿ ಐತಿ ಅನ್ನಾಕ ಬಾಯಿ ತುರಿಸ್ತಿತ್ತು. ಉಪ್ಪು ಸರಿ ಇತ್ತು."

ಹೊನ್ನೂರಮ್ಮನಿಗೆ ನಗೆ ಬಂತು, ತಡೆದಳು. ನಗೆಯ ಬೆನ್ನಿಗೇ ಹಳೆಯ ಮಾತು ನುಗ್ಗಿತು.

"ನನ್ನ ಸೀರಿ ಒಂದು ವರ್ಷನೂ ಉಡಲಿಲ್ಲ ನೀವು."

"ನೀ ತರೋದು ಜರಿ ಸೀರಿ. ಜನ ನೋಡಲಿ ಅಂತ ತರ್ತಿ. ಮೈಗೆ ಕಡಿತೈತೆವ್ವಾ ಅದು. ಆಕಿ ತರೋದು ಮೆತ್ತಗಿನ ನೂಲಿಂದು. ಇಷ್ಟು ದಿನ ಯಾಕ ಕೇಳಲಿಲ್ಲ ನೀನು?"

ಜರಿ, ಸುರುಳಿ ಕೊಂಬು. ಹೊನ್ನೂರಮ್ಮ ತಲೆ ತಗ್ಗಿಸಿ ಹಿಮ್ಮಡಿ ಒತ್ತತೊಡಗಿದಳು. ಗುಡ್ಡದ ಕಡೆಯಿಂದ ನಂದಿನಿ ಮಕ್ಕಳನ್ನು ಕೂಗುವ ದನಿ ತೇಲಿ ಬಂತು.

"ದಾರ್ಯಾಗ ಐತಿ ಅಂದ್ಯಲ್ಲ," ಎಂದಳು ಸುವಾರ್ತಮ್ಮ. "ಎಂದು ಮುಟ್ಟತೈತಿ?"

"ಬರೋ ಸಂತಿಗೆ ರೀ. ನೀಲಕ್ಕನ್ನೂ ಕರ್ಕೊಂಡು ಹೋಗ್ತೀನಿ, ಆಕಿನ ಆರಿಸ್ಲಿ. ಗಬ್ಬದ ಆಡು. ಬಡಕಲು ಇದ್ರೂ ಸೈ."

"ಫೋಟೊ?"

"ಬ್ಯಾಡ್ರಿ."

ಆಮೇಲೆ ಹೊನ್ನೂರಮ್ಮ ಗುಡ್ಡದ ಕಡೆ ನೋಡಿ, ದನಿ ತಗ್ಗಿಸಿ ಅಂದಳು:

"ನಂದಿನಿಗೆ ಮಾತ್ರ ಹೇಳಬ್ಯಾಡ್ರಿ ಅತ್ತಿ. ಆಕಿ ಎರಡು ತಂದಾಳು."